ಎಜೆಕ್ಟ್ ಮಾಡದೆ ಪೆನ್‌ಡ್ರೈವ್ ಕಿತ್ತರೆ ಫೋನ್ ಹಾಳಾಗುತ್ತದೆಯೇ?

ಇಲ್ಲ. ಅಪಾಯ ಇರುವುದು ಆಗ ಕಾಪಿ ಆಗುತ್ತಿದ್ದ ಫೈಲಿಗೆ. ಫೋನನ್ನು ಕಾಯುವುದು ಒಂದು ಸರಳ ಎಣಿಕೆ.

ಆಂಡ್ರಾಯ್ಡ್‌ನ ಒಳಗಿರುವ ಲಿನಕ್ಸ್ ಕರ್ನೆಲ್, ಸಿಕ್ಕಿಸಿದ ಪ್ರತಿ ಸಾಧನಕ್ಕೂ ಮೆಮೊರಿಯಲ್ಲಿ ಒಂದು ದಾಖಲೆ ತೆರೆಯುತ್ತದೆ. ಅದನ್ನು ಯಾರಾದರೂ ಬಳಸತೊಡಗಿದರೆ ಎಣಿಕೆ ಒಂದು ಏರುತ್ತದೆ, ಬಿಟ್ಟಾಗ ಒಂದು ಇಳಿಯುತ್ತದೆ. ಪೆನ್‌ಡ್ರೈವ್ ಕಿತ್ತ ಕೂಡಲೇ ದಾಖಲೆ ಅಳಿಯುವುದಿಲ್ಲ. ಎಣಿಕೆ ಸೊನ್ನೆಯಾಗುವವರೆಗೂ ಉಳಿದಿರುತ್ತದೆ. ಈ ನಡುವೆ ಫೈಲ್ ಕೇಳಿದ ಆ್ಯಪ್‌ಗೆ ಎರರ್ ಸಿಗುತ್ತದೆ, ಅಷ್ಟೇ.

ಡ್ರೈವರ್ ಬರೆದವರು ಎಣಿಕೆ ಇಳಿಸಲು ಮರೆತರೆ ಒಂದಿಷ್ಟು ಮೆಮೊರಿ ವ್ಯರ್ಥ. ರೀಸ್ಟಾರ್ಟ್ ಮಾಡಿದರೆ ಸರಿ. ಒಂದು ಸಲ ಹೆಚ್ಚಿಗೆ ಇಳಿಸಿದರೆ ಮಾತ್ರ ವಿಷಯ ಗಂಭೀರ. ಒಳಗೆ ಜನರಿರುವಾಗಲೇ ಲಾಡ್ಜ್ ರೂಮನ್ನು ಬೇರೆಯವರಿಗೆ ಕೊಟ್ಟ ಹಾಗೆ! ಆ ಜಾಗದಲ್ಲಿ ಹ್ಯಾಕರ್‌ಗಳು ತಮ್ಮ ಡೇಟಾ ತುಂಬಿ ಫೋನನ್ನೇ ಹಿಡಿತಕ್ಕೆ ತೆಗೆದುಕೊಳ್ಳಬಹುದು.

ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ಇಂಥದೇ ದೋಷ ಆಂಡ್ರಾಯ್ಡ್‌ನ ಬೈಂಡರ್ ಎಂಬ ಡ್ರೈವರ್‌ನಲ್ಲಿತ್ತು. ಅದನ್ನು ಬಳಸಿ ದಾಳಿ ನಡೆಯುತ್ತಿದೆ ಎಂದು ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡ 2019ರಲ್ಲಿ ಹೇಳಿತು. ಲಿನಕ್ಸ್‌ನಲ್ಲಿ ವರ್ಷಕ್ಕೂ ಮೊದಲೇ ಸರಿಪಡಿಸಿದ್ದ ಈ ದೋಷ ಪಿಕ್ಸೆಲ್ 2ರಂಥ ಫೋನ್‌ಗಳಲ್ಲಿ ಹಾಗೇ ಉಳಿದಿತ್ತು. ಆ ಫೋನ್‌ಗೆ ಪರಿಹಾರ ಬಂದದ್ದು ಅಕ್ಟೋಬರ್ 2019ರ ಸೆಕ್ಯುರಿಟಿ ಅಪ್‌ಡೇಟ್‌ನಲ್ಲಿ. ನಮ್ಮ ಫೋನಿಗೆ ಕೊನೆಯ ಅಪ್‌ಡೇಟ್ ಯಾವಾಗಿನದು ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಬಹುದು.