ಅಂಜದೀವದ ದಾರಿ

ಅಮ್ಮತ್ತಿಯ ಕಾಫಿ ತೋಟಗಳ ನಡುವೆ ಕುಳಿತು ಕಡಲಿನ ದ್ವೀಪವೊಂದರ ಮಾತೆತ್ತುವುದು ವಿಚಿತ್ರವೆನಿಸೀತು. ಆದರೆ ಇಂದಿಗೂ ರೈಲು ಕಾಣದ ಕೊಡಗಿನವನಿಗೆ, ದಾರಿಯೊಂದು ಊರಿನ ಭಾಗ್ಯವನ್ನು ಹೇಗೆ ತಿರುಗಿಸೀತೆಂಬ ಕುತೂಹಲ ಸಹಜವೇ.

ಕಾರವಾರದ ದಕ್ಷಿಣಕ್ಕೆ, ಬಿಣಗಾದ ಕೊಲ್ಲಿಯೆದುರು ಇರುವುದು ಅಂಜದೀವ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಇಲ್ಲಿ ತಂಗಿದ್ದವು. 1505ರಲ್ಲಿ ಫ್ರಾನ್ಸಿಸ್ಕೋ ದ ಅಲ್ಮೇಡ ಕಟ್ಟಿಸಿದ ಕೋಟೆ ಬಹುಕಾಲ ಉಳಿಯಲಿಲ್ಲ. ನನ್ನ ಮನಸ್ಸನ್ನು ಕಲಕುವುದು ಕೋಟೆಯಲ್ಲ, 1662ರ ಬಳಿಕದ ಸಂಗತಿ. ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಸರ್ ಅಬ್ರಹಾಂ ಶಿಪ್‌ಮನ್ನನಿಗೆ ಪೋರ್ಚುಗೀಸ್ ಅಧಿಕಾರಿಗಳು ಅದನ್ನು ಒಪ್ಪಿಸಲಿಲ್ಲ. ಅವನ ದಳ ಈ ದ್ವೀಪದಲ್ಲಿ ಕಾಯುತ್ತ ಕುಳಿತಿತು. ರೋಗರುಜಿನಗಳಿಗೆ ನೂರಾರು ಸೈನಿಕರು ಬಲಿಯಾದರು. 1664ರಲ್ಲಿ ಶಿಪ್‌ಮನ್ನನೂ ಅಲ್ಲಿಯೇ ತೀರಿಕೊಂಡನು. ದಡವು ಕಣ್ಣೆದುರಿಗಿತ್ತು, ಸೇರಬೇಕಾದ ಊರಿನ ಬಾಗಿಲು ಮಾತ್ರ ಮುಚ್ಚಿತ್ತು.

1961ರ ಡಿಸೆಂಬರಿನಲ್ಲಿ ‘ತ್ರಿಶೂಲ’, ‘ಮೈಸೂರು’ ಯುದ್ಧನೌಕೆಗಳ ನಾವಿಕರು ದ್ವೀಪವನ್ನು ವಶಪಡಿಸಿಕೊಂಡರು. ಏಳು ಮಂದಿ ಮಡಿದರು. ನಮ್ಮ ನಾಡಿನ ಹೆಸರು ಹೊತ್ತ ಹಡಗು ಗೆದ್ದರೂ, ಆಡಳಿತದಲ್ಲಿ ದ್ವೀಪವು ಗೋವೆಯದು!

ದೋಣಿಯೊಂದೇ ದಾರಿಯಾಗಿದ್ದಾಗ ಗೋವೆಯ ಭಕ್ತರು ಅಲ್ಲಿನ ಇಗರ್ಜಿಯ ಹಬ್ಬಕ್ಕೆ ಹೋಗಿಬರುತ್ತಿದ್ದರು. ಅನಂತರ ‘ಸೀಬರ್ಡ್’ ಯೋಜನೆಯ ಅಲೆತಡೆಗೋಡೆಯು ದ್ವೀಪವನ್ನು ನೆಲಕ್ಕೆ ಬೆಸೆಯಿತು. 2005ರಲ್ಲಿ ‘ಕದಂಬ’ ನೌಕಾನೆಲೆ ಆರಂಭವಾಯಿತು. ಶತಮಾನಗಳಿಂದ ಇಲ್ಲದ ದಾರಿಯೇನೋ ಬಂತು. ಜನಸಾಮಾನ್ಯನಿಗೆ ದ್ವೀಪವೇ ದೂರವಾಯಿತು. ರಕ್ಷಣೆಯ ಅಗತ್ಯವನ್ನು ಅಲ್ಲಗಳೆಯುವವನು ನಾನಲ್ಲ. ಹಬ್ಬದ ದಿನವಾದರೂ ಆ ಹಳೆಯ ದೋಣಿಗಳನ್ನು ಬಿಟ್ಟಿದ್ದರೆ ಎಂದು ಮಾತ್ರ ನನ್ನ ಅಳಲು.