ನಾಗಾವಿಯ ಘಟಿಕಾಶಾಲೆಯೂ ಸಾಮೂಹಿಕ ಕಂಠಶಿಕ್ಷಣವೂ

ಪಾಠಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಏಕಕಂಠದಿಂದ ಹಾಡಿಸುವ ಪದ್ಧತಿಯು ಪಾಶ್ಚಾತ್ಯರಿಂದಲೇ ಬಂದುದೆಂಬ ಅಭಿಪ್ರಾಯವು ಪ್ರಚಾರದಲ್ಲಿದೆ. ಹಾಡಿನ ರೂಪವನ್ನು ಮಾತ್ರ ನೋಡಿದರೆ ಇದರಲ್ಲಿ ಸತ್ಯಾಂಶವುಂಟು. ಆದರೆ ಅನೇಕ ಕಂಠಗಳನ್ನು ಒಂದೇ ಸ್ವರಕ್ಕೂ ಒಂದೇ ಕಾಲಕ್ಕೂ ಒಳಪಡಿಸುವ ಶಿಕ್ಷಣವು ಕಲಬುರಗಿಯ ಸೀಮೆಗೆ ಹೊಸತಲ್ಲವೆಂಬುದನ್ನು ಚಿತ್ತಾಪುರದ ಸಮೀಪದ ನಾಗಾವಿಯ ಶಾಸನದಿಂದ ಊಹಿಸಬಹುದು.

ಕ್ರಿ. ಶ. 1058ರ ಈ ಶಾಸನವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಕಾಲದ್ದು. ದಂಡನಾಯಕನಾದ ಮಧುಸೂದನನು ಇಲ್ಲಿ ತ್ರೈಪುರುಷ ದೇವಾಲಯವನ್ನೂ ಘಟಿಕಾಶಾಲೆಯನ್ನೂ ಏರ್ಪಡಿಸಿದನು. ವೇದವನ್ನು ಕಲಿಯುವವರು 200 ಮಂದಿ, ಶಾಸ್ತ್ರವನ್ನು ಕಲಿಯುವವರು ಐವತ್ತರಷ್ಟು ಮಂದಿ. ವೇದಕ್ಕೆ 3, ಶಾಸ್ತ್ರಕ್ಕೆ 3 ಮಂದಿ ಉಪಾಧ್ಯಾಯರು. ಗ್ರಂಥರಕ್ಷಣೆಗೆ 6 ಮಂದಿ ಸರಸ್ವತೀ ಭಂಡಾರಿಗರು.

ಈ ಸಂಖ್ಯೆಗಳು ವಿಚಾರಾರ್ಹವಾಗಿವೆ. ಶಾಸ್ತ್ರದಲ್ಲಿ ಒಬ್ಬ ಗುರುವಿಗೆ ಸುಮಾರು 17 ಶಿಷ್ಯರಾದರೆ, ವೇದದಲ್ಲಿ ಸುಮಾರು 67. ಶಾಸ್ತ್ರವು ಪೂರ್ವಪಕ್ಷ ಸಿದ್ಧಾಂತಗಳ ವಿದ್ಯೆ. ಒಬ್ಬೊಬ್ಬನ ಸಂಶಯವನ್ನೂ ಪರಿಹರಿಸಬೇಕು. ವೇದವಾದರೋ ಶ್ರವಣದ ವಿದ್ಯೆ. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯರೆಲ್ಲರೂ ಕೂಡಿ ಎರಡು ಸಲ ಹೇಳುವ ಸಂಥೆಯ ಕ್ರಮವು ಇಂದಿಗೂ ಉಳಿದಿದೆ. ಹಿರಿಯ ಶಿಷ್ಯರು ಕಿರಿಯರಿಗೆ ಹೇಳಿಕೊಟ್ಟಿರಬಹುದಾದರೂ, ಇಷ್ಟು ಮಂದಿಯ ಪಾಠವು ಬಹುಮಟ್ಟಿಗೆ ಸಾಮೂಹಿಕವಾಗಿಯೇ ನಡೆದಿರಬೇಕು.

ಇಂಥ ಪಠನದಲ್ಲಿ ಗುರುವಿನ ಹೊಣೆ ಅಲ್ಪವಲ್ಲ. ಉದಾತ್ತ, ಅನುದಾತ್ತ, ಸ್ವರಿತಗಳಲ್ಲಿ ಒಂದು ತಪ್ಪಿದರೂ ಅರ್ಥವೇ ವಿಪರೀತವಾಗುವುದೆಂಬುದಕ್ಕೆ ಇಂದ್ರಶತ್ರು ಶಬ್ದದ ಕಥೆಯೇ ಸಾಕು. ಪದ, ಕ್ರಮ, ಜಟೆ, ಘನಗಳೆಂಬ ಪಾಠಗಳು ಪದಗಳನ್ನು ಬಿಡಿಸಿ, ಜೋಡಿಸಿ, ತಿರುಗಿಸಿ ಹೇಳಿಸುವುದರಿಂದ ಜ್ಞಾಪಕವೂ ಕಿವಿಯೂ ಒಟ್ಟಿಗೆ ಪಳಗುತ್ತಿದ್ದುವು. ಪಾಣಿನೀಯ ಶಿಕ್ಷೆಯು ಮಾಧುರ್ಯ, ಅಕ್ಷರಸ್ಫುಟತೆ, ಪದವಿಭಾಗ, ಧೈರ್ಯ, ಲಯಗಳನ್ನು ಗುಣಗಳೆಂದೂ, ಅವಸರ, ತಲೆಯಲ್ಲಾಡಿಸುವಿಕೆ, ಕ್ಷೀಣಕಂಠಗಳನ್ನು ದೋಷಗಳೆಂದೂ ಎಣಿಸುತ್ತದೆ. ಇಂದಿನ ಗಾಯನಾಧ್ಯಾಪಕನು ಬಯಸುವ ಗುಣಗಳೂ ತಿದ್ದುವ ದೋಷಗಳೂ ಇವೇ.

ಆದರೂ ವೇದಪಠನವೇ ಸಂಗೀತವೆಂದು ಹೇಳಲಾಗದು. ಹಾಡಿನಂತೆ ಓದುವುದನ್ನು ಅದೇ ಶಿಕ್ಷೆಯು ದೋಷಗಳಲ್ಲಿ ಸೇರಿಸಿದೆ. ಸಾಮಗಾನವು ಮಾತ್ರ ಈ ಎರಡನ್ನೂ ಜೋಡಿಸುವ ಸೇತು. ಸಾಮದ ಪ್ರಥಮ ಸ್ವರವು ವೇಣುವಿನ ಮಧ್ಯಮವೆಂದು ನಾರದೀಯ ಶಿಕ್ಷೆಯು ಹೇಳುವುದು ಇದಕ್ಕೆ ಪ್ರಮಾಣ. ಆದುದರಿಂದ ನಾಗಾವಿಯಲ್ಲಿ ಗಾಯಕವೃಂದವಿದ್ದಿತೆಂದಲ್ಲ, ವೃಂದಕ್ಕೆ ಬೇಕಾದ ಕಂಠಸಂಸ್ಕಾರವಿದ್ದಿತೆಂದು ಹೇಳುವುದೇ ಯುಕ್ತ.

ಈ ಸಂಸ್ಕಾರದ ಮಿತಿಯನ್ನು ಮರೆಮಾಚಬಾರದು. ವೇದಪಾಠವು ದ್ವಿಜಬಾಲಕರಿಗೆ ಮೀಸಲಾಗಿತ್ತು; ಒಕ್ಕಲಿನವರ, ಕಲ್ಲುಕುಟಿಗರ ಮಕ್ಕಳ ದನಿಗೂ ಬಾಲಿಕೆಯರ ದನಿಗೂ ಅಲ್ಲಿ ಎಡೆಯಿರಲಿಲ್ಲ. ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶಾಲೆಗಳಲ್ಲಿ ಎಲ್ಲ ಮನೆಗಳ ಮಕ್ಕಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕುವೆಂಪು ಅವರ ಗೀತವು 2004ರಲ್ಲಿ ನಾಡಗೀತೆಯಾಯಿತು; 2022ರಲ್ಲಿ ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿಯೂ 2 ನಿಮಿಷ 30 ಸೆಕೆಂಡುಗಳ ಅವಧಿಯೂ ನಿಯತವಾದುವು. ಧಾಟಿಯನ್ನೂ ಕಾಲವನ್ನೂ ಆಜ್ಞೆಯು ನಿಯಮಿಸಬಲ್ಲುದು. ಕಂಠಗಳನ್ನು ಕೂಡಿಸುವುದು ಅಧ್ಯಾಪಕನ ಕಿವಿಯಿಂದಲೇ ಆಗಬೇಕು. ನುಡಿನುಡಿಯನ್ನೂ ತಾನು ಒಮ್ಮೆ ಹೇಳಿ, ಎರಡು ಸಲ ಹೇಳಿಸಿ, ತಪ್ಪಿದ ದನಿಯನ್ನು ಗುರುತಿಸಿ ತಿದ್ದುವ ಹಳೆಯ ಸಂಥೆಯ ಕ್ರಮವು, ಹಳೆಯ ನಿರ್ಬಂಧವನ್ನು ಕಳಚಿಕೊಂಡು ಈ ಶಾಲೆಗಳಿಗೆ ಸಂದರೆ, ನಾಗಾವಿಯ ವಿದ್ಯೆಯು ತನ್ನ ಸೀಮೆಯ ಎಲ್ಲ ಮಕ್ಕಳಿಗೂ ತಡವಾಗಿಯಾದರೂ ತಲಪಿದಂತಾಗುವುದು.