ನಮ್ಮ ಸೀಮೆಯ ಗರಡಿ ಮನೆ ಮತ್ತು ಅಲ್ಲಿನ ವಿದ್ಯೆ

ನಮ್ಮ ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಸಾಲ, ಬೀಜ, ಗೊಬ್ಬರದ ವಿಚಾರ ಬರೆಯುವವರು ಬಹಳ ಮಂದಿ ಇದ್ದಾರೆ. ನಾವು ಊರಿನ ಗರಡಿ ಮನೆಯ ಬಗ್ಗೆ ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ಸಂಘಕ್ಕೂ ಗರಡಿಗೂ ಏನ್ ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಮುಂದೆ ಹೇಳುತ್ತೇವೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಗೆ ಈ ವಿದ್ಯೆ ನಿನ್ನೆ ಮೊನ್ನೆ ಬಂದದ್ದಲ್ಲ. 12ನೇ ಶತಮಾನದಲ್ಲಿ ಕುರುಗೋಡು ಸಿಂದರ ರಾಜಧಾನಿಯಾಗಿತ್ತು. ಆಗ ಈ ನಾಡಿನ ಮೇಲೆ ಕಲ್ಯಾಣದ ಚಾಲುಕ್ಯರ ದೊರೆತನ. ಆ ವಂಶದ ಮೂರನೆಯ ಸೋಮೇಶ್ವರ (1126-1138) ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ದರ್ಜೆಗಳು, ಅವರು ಮಾಡಬೇಕಾದ ಸಾಧನೆ, ಅವರ ಆಹಾರ ಎಲ್ಲವನ್ನೂ ವಿವರಿಸಲಾಗಿದೆ.

ಮುಂದೆ ವಿಜಯನಗರದ ಕಾಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ಹಂಪಿ ನಮ್ಮ ಬಳ್ಳಾರಿ ಜಿಲ್ಲೆಯದೇ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯರು ಕೋಳಿ ಕೂಗುವ ಹೊತ್ತಿಗೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಎಣ್ಣೆ ಬೆವರಾಗಿ ಇಳಿಯುವತನಕ ಕತ್ತಿ ಬೀಸುತ್ತಿದ್ದರಂತೆ. ಆಮೇಲೆ ಒಬ್ಬ ಜಟ್ಟಿಯ ಕೂಡ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ರಾಜನಾದರೂ ಮೈ ಬಗ್ಗಿಸದೆ ವಿದ್ಯೆ ಬರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. 1535ರ ಸುಮಾರಿಗೆ ಬಂದ ನೂನಿಜ್ ಎಂಬುವನು ರಾಜನ ಬಳಿ ಸಾವಿರ ಜಟ್ಟಿಗಳಿದ್ದರು, ಹಬ್ಬದಲ್ಲಿ ಕೈಗೆ ಮೊನೆಯಿದ್ದ ಬಳೆ ಹಾಕಿಕೊಂಡು ಹೋರಾಡುತ್ತಿದ್ದರು ಎಂದಿದ್ದಾನೆ. ಹೆಚ್ಚು ಗಾಯಗೊಂಡವನಿಗೇ ರೇಷ್ಮೆ ವಸ್ತ್ರ ಬಹುಮಾನ! ಮೈಸೂರು ದಸರಾದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಇದು ಬೇಗ ಅರ್ಥವಾದೀತು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಪಾಳೆಗಾರರ ಕಾಲ ಬಂತು. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟರು. ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗೆ ಇದ್ದು ಪಾಳೆಗಾರರ ಬಲ ಮುರಿದು, ರೈತರಿಂದ ನೇರವಾಗಿ ಕಂದಾಯ ಎತ್ತುವ ಪದ್ಧತಿ ತಂದನು. 1878ರಲ್ಲಿ ಆಯುಧ ಕಾಯ್ದೆಯೂ ಬಂತು. ಕತ್ತಿ ಹಿಡಿದವರು ನೇಗಿಲು ಹಿಡಿದರು. ಯುದ್ಧಕ್ಕಾಗಿ ಕಲಿಯುತ್ತಿದ್ದ ವಿದ್ಯೆ ಊರಿನ ಹುಡುಗರ ಮೈ ಮನಸ್ಸು ಗಟ್ಟಿ ಮಾಡುವ ವಿದ್ಯೆಯಾಗಿ ಗರಡಿಯಲ್ಲಿ ಉಳಿಯಿತು ಎಂದು ನಮ್ಮ ತಿಳುವಳಿಕೆ.

ಇನ್ನು ಗರಡಿಯಲ್ಲಿ ಕಲಿಯುವುದೇನು? ಮೊದಲ ಪಾಠ ಕುಸ್ತಿ ಅಲ್ಲ, ಮಣ್ಣು. ಹೊಸದಾಗಿ ಬಂದ ಹುಡುಗ ಸಲಿಕೆ ಹಿಡಿದು ಕೆಮ್ಮಣ್ಣು ಅಗೆದು ಮೇಲೆ ಕೆಳಗೆ ಮಾಡಬೇಕು, ಕಲ್ಲು ಹರಳು ಆರಿಸಬೇಕು. ಅದಕ್ಕೆ ಎಣ್ಣೆ, ಅರಿಶಿಣ, ಮಜ್ಜಿಗೆ ಹಾಕಿ ಹದ ಮಾಡುತ್ತಾರೆ. ಮಣ್ಣು ಮೆತ್ತಗಿದ್ದರೆ ಬಿದ್ದವನಿಗೆ ಪೆಟ್ಟಾಗುವುದಿಲ್ಲ. ಅಂದರೆ ನಾಳೆ ತನ್ನ ಎದುರಾಳಿಯಾಗಿ ಬರುವವನ ಮೈಯನ್ನು ಇವತ್ತೇ ಕಾಯಬೇಕು.

ಎರಡನೆಯದು ಸಾಧನೆ. ದಂಡ ಹೊಡೆದರೆ ಎದೆ, ರಟ್ಟೆ ಬಲಿಯುತ್ತವೆ. ಬಸ್ಕಿಯಿಂದ ತೊಡೆ, ಮೊಣಕಾಲು. ಗದೆ ತಿರುಗಿಸಿದರೆ ಭುಜ, ಮುಂಗೈ. ಗುಂಡುಕಲ್ಲು ಎತ್ತಿದರೆ ಸೊಂಟ. ಗುಂಡು ಎತ್ತಿ ಪಳಗಿದವನು ಸುಗ್ಗಿಯಲ್ಲಿ ಭತ್ತದ ಚೀಲವನ್ನು ಬೆನ್ನು ನೋಯದಂತೆ ಎತ್ತುತ್ತಾನೆ. ಇದನ್ನು ನಮ್ಮ ಹಮಾಲರೇ ಹೇಳುತ್ತಾರೆ. ಲಕ್ಷ್ಮೇಶ್ವರದ ಕಡೆ ಹರಳೆಣ್ಣೆ ಹಚ್ಚಿದ ಮಲ್ಲಕಂಬ ಹತ್ತುವುದನ್ನೂ ಕಲಿಸುತ್ತಾರೆ.

ಮೂರನೆಯದು ಪಟ್ಟು. ಹಿಡಿಯುವುದು ಹೇಗೆ, ಹಿಡಿತ ಬಿಡಿಸಿಕೊಳ್ಳುವುದು ಹೇಗೆ, ತನಗಿಂತ ತೂಕದವನನ್ನು ಅವನ ಭಾರದಿಂದಲೇ ಕೆಡವುವುದು ಹೇಗೆ ಎಂದು ವಸ್ತಾದರು ಮೈ ಮುಟ್ಟಿ ತೋರಿಸುತ್ತಾರೆ. ಕೋಲುವರಸೆ, ಕತ್ತಿವರಸೆ ಆಮೇಲಿನ ಮಾತು. ಕೋಪ ಇದ್ದವನ ಕೈಗೆ ವಸ್ತಾದರು ಕೋಲು ಕೊಡುವುದಿಲ್ಲ.

ನಾಲ್ಕನೆಯದು ಮರ್ಯಾದೆ. ಕಣಕ್ಕೆ ಇಳಿಯುವಾಗ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಸಲಾಮಿ ಮಾಡಿ ಕೈ ಕೊಡಬೇಕು. ಬೆನ್ನು ಮಣ್ಣು ಕಂಡರೆ ಸೋಲು, ವಾದ ಮಾಡುವಂತಿಲ್ಲ. ಗೆದ್ದವನು ಬಿದ್ದವನನ್ನು ಕೈ ಹಿಡಿದು ಎಬ್ಬಿಸಬೇಕು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಾದೆ ಇದೆಯಲ್ಲ, ಗರಡಿಯಲ್ಲಿ ಅದು ನಡೆಯೋದಿಲ್ಲ. ಮೀಸೆ ಮಣ್ಣಾಯಿತು ಎಂದು ಒಪ್ಪಿಕೊಂಡವನೇ ಮುಂದಿನ ಪಟ್ಟು ಕಲಿಯುತ್ತಾನೆ.

ಇಲ್ಲಿ ಜಾತಿ ಭೇದ ನಡೆಯುವುದಿಲ್ಲ. ಗೋಡೆಯ ಮೇಲೆ ಹನುಮಪ್ಪ, ಬಾಯಲ್ಲಿ ಉರ್ದು ಕಡೆಯಿಂದ ಬಂದ ವಸ್ತಾದ, ತಾಲೀಮು, ಪೈಲ್ವಾನ ಎಂಬ ಮಾತು. ಉಗಾದಿಗೆ ಕುಸ್ತಿ ಆಡಿದ ಹುಡುಗರೇ ಮೊಹರಂನಲ್ಲಿ ಅಲಾಯಿ ದೇವರ ಮುಂದೆ ವರಸೆ ತೋರಿಸುತ್ತಿದ್ದರು. ಲಂಗೋಟಿ ಕಟ್ಟಿ ಮಣ್ಣು ಬಳಿದುಕೊಂಡ ಮೇಲೆ ಗೌಡರ ಮಗ ಯಾರು, ಕೂಲಿಯವನ ಮಗ ಯಾರು?

ಈಗ ಸಂಘದ ಮಾತಿಗೆ ಬರುತ್ತೇವೆ. ಸಂಘ ಹುಟ್ಟಿದಾಗ ನಮಗೆ ಗೋದಾಮು ಇರಲಿಲ್ಲ. ಹಿರಿಯರು ಗರಡಿಯ ಬೀಗದ ಕೈ ಕೊಟ್ಟು ಗೊಬ್ಬರದ ಚೀಲ ಇಡಲು ಜಾಗ ಮಾಡಿಕೊಟ್ಟರು. ಆ ಉಪಕಾರ ಮರೆಯುವಂತಿಲ್ಲ. ಈಗ ಸ್ವಂತ ಗೋದಾಮು ಆಗಿದೆ, ಗರಡಿ ಖಾಲಿ ಬಿದ್ದಿದೆ. ಮಾಳಿಗೆ ಸೋರುತ್ತದೆ, ಗೊಬ್ಬರ ಚೆಲ್ಲಿದ ನೆಲ ಕಟೆದ ಕಲ್ಲಿನಂತೆ ಗಟ್ಟಿಯಾಗಿದೆ. ಅದನ್ನು ತೆಗೆದು ಹೊಸ ಕೆಮ್ಮಣ್ಣು ತುಂಬಬೇಕು. ಪಟ್ಟು ಬಲ್ಲ ಹಿರಿಯರು ಊರಿನಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ. ಈ ವಿದ್ಯೆ ಪುಸ್ತಕ ಓದಿ ಬರುವಂಥದ್ದಲ್ಲ, ಕೈಯಿಂದ ಕೈಗೆ ದಾಟಬೇಕು. ಅವರ ಕೈ ನಡುಗುವ ಮೊದಲೇ ನಮ್ಮ ಮಕ್ಕಳು ಕಲಿಯಬೇಕು.

ಬರುವ ಸರ್ವ ಸದಸ್ಯರ ಸಭೆಯಲ್ಲಿ ಈ ಕೆಲಸಕ್ಕೆ ಸಂಘದ ಪಾಲು ಎಷ್ಟು, ಊರಿನ ಪಾಲು ಎಷ್ಟು ಎಂದು ತೀರ್ಮಾನ ಮಾಡೋಣ. ಹಣ ಕೊಡಲಾರದವರು ಒಂದು ದಿನದ ಮಣ್ಣಿನ ಕೆಲಸ ಕೊಡಲಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ತಂದಿದ್ದಾರೆ. ಆದ್ದರಿಂದ ಹೆಣ್ಣುಮಕ್ಕಳಿಗೂ ಬೇರೆ ವೇಳೆ ಇಟ್ಟು ಬಾಗಿಲು ತೆರೆಯಬೇಕೆಂಬುದು ನಮ್ಮ ಅಭಿಪ್ರಾಯ.

ನನಗಾಗಿ ಎಲ್ಲರೂ, ಎಲ್ಲರಿಗಾಗಿ ನಾನು ಎಂದು ಸಹಕಾರದ ಮಾತಿದೆ. ಬೀಳುವವನಿಗಾಗಿ ಮಣ್ಣು ಹದ ಮಾಡುವ ಗರಡಿಯಲ್ಲಿ ಈ ಮಾತು ಸಂಘಕ್ಕಿಂತ ಮೊದಲೇ ನಡೆಯುತ್ತಿತ್ತು. ಸದಸ್ಯರೆಲ್ಲರೂ ಸಭೆಗೆ ತಪ್ಪದೆ ಬರಬೇಕೆಂದು ಕೋರಿ ಈ ಬರಹ ಮುಗಿಸುತ್ತೇವೆ.